ತಪ್ಪೊಪ್ಪಿಗೆಗೆ ಸಹಿ ಹಾಕುವ ಮುನ್ನ

ಅಮೆರಿಕದಲ್ಲಿ ಮಕ್ಕಳನ್ನು ಓದಲು ಬಿಟ್ಟಿರುವ ತಂದೆತಾಯಂದಿರು ಈ ಅಂಕಣಕ್ಕೆ ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಯಾವಾಗಲೂ ತಗ್ಗಿದ ದನಿಯಲ್ಲಿ ಬರುತ್ತದೆ. ಮಗ ಅಂಗಡಿಯಲ್ಲಿ ಏನೋ ಎತ್ತಿಕೊಂಡನೆಂದು ಪೊಲೀಸರು ಹಿಡಿದಿದ್ದರು, ಕೋರ್ಟಿಗೂ ಹೋಗಿ ಬಂದ, ಯಾವುದೋ ಪ್ರೋಗ್ರಾಂ ಮುಗಿಸಿದರೆ ಕೇಸ್ ಬಿದ್ದುಹೋಗುತ್ತದಂತೆ. ಅಲ್ಲಿಗೆ ಮುಗಿಯಿತೇ? ವೀಸಾಕ್ಕೆ ಏನೂ ತೊಂದರೆ ಇಲ್ಲವೇ?

ಆ ಪ್ರೋಗ್ರಾಂಗೆ ಅಲ್ಲಿನ ಕೋರ್ಟುಗಳಲ್ಲಿ ಡೈವರ್ಷನ್ ಎನ್ನುತ್ತಾರೆ. ಮೊದಲ ಸಲ ಸಣ್ಣ ಅಪರಾಧದಲ್ಲಿ ಸಿಕ್ಕಿಬಿದ್ದವರನ್ನು ವಿಚಾರಣೆ, ತೀರ್ಪು, ಶಿಕ್ಷೆ ಎಂಬ ಮಾಮೂಲು ದಾರಿಯಿಂದ ಹೊರಗೆ ತೆಗೆದು, ಕೆಲವು ತಿಂಗಳ ಷರತ್ತು ಹಾಕಿ, ಅವನ್ನು ಪೂರೈಸಿದರೆ ಆರೋಪವನ್ನೇ ಕೈಬಿಡುವ ವ್ಯವಸ್ಥೆ ಅದು. ಅಮೆರಿಕದ ಪ್ರಜೆಗೆ ಇದರಲ್ಲಿ ಕಳೆದುಕೊಳ್ಳುವುದು ಕಡಿಮೆ. ವೀಸಾದ ಮೇಲೋ ಗ್ರೀನ್ ಕಾರ್ಡಿನ ಮೇಲೋ ಇರುವವನ ವಿಷಯ ಹಾಗಲ್ಲ. ಅವನ ಪಾಲಿಗೆ ಬಹುಮಟ್ಟಿಗೆ ಎಲ್ಲವೂ ಒಂದೇ ಸಂಗತಿಯ ಮೇಲೆ ನಿಂತಿರುತ್ತದೆ: ಪ್ರೋಗ್ರಾಂಗೆ ಸೇರುವಾಗ ಅವನು ಕೋರ್ಟಿನ ಮುಂದೆ ತಪ್ಪು ಒಪ್ಪಿಕೊಂಡನೇ, ಇಲ್ಲವೇ?

ಇಂಥ ಕೇಸುಗಳು ಹೆಚ್ಚಾಗಿ ಶುರುವಾಗುವುದು ದೊಡ್ಡ ಅಂಗಡಿಗಳ ಸೆಲ್ಫ್ ಚೆಕ್‌ಔಟ್ ಸಾಲಿನಲ್ಲಿ. ಅಲ್ಲಿ ಬಿಲ್ ಹಾಕುವವರು ಯಾರೂ ಇರುವುದಿಲ್ಲ. ಗಿರಾಕಿಯೇ ಒಂದೊಂದು ವಸ್ತುವನ್ನು ಯಂತ್ರಕ್ಕೆ ತೋರಿಸಿ, ಕಾರ್ಡ್ ಉಜ್ಜಿ, ಚೀಲ ಎತ್ತಿಕೊಂಡು ಹೊರಡಬೇಕು. ಹತ್ತು ವಸ್ತುಗಳಲ್ಲಿ ಎಂಟಕ್ಕೆ ಮಾತ್ರ ಬಿಲ್ ಆಗಿದ್ದರೆ ಬಾಗಿಲ ಬಳಿ ಮಾಮೂಲು ಬಟ್ಟೆಯಲ್ಲಿ ನಿಂತಿದ್ದ ಅಂಗಡಿಯ ಕಾವಲಿನವನು ಗುರುತು ತೋರಿಸಿ ಒಳಗಿನ ಕೋಣೆಗೆ ಕರೆಯುತ್ತಾನೆ. ಕ್ಯಾಮೆರಾದ ದೃಶ್ಯ, ವಸ್ತುಗಳ ಪಟ್ಟಿ, ಬೆಲೆಯ ಮೊತ್ತ, ಆಮೇಲೆ ಪೊಲೀಸ್. ಬಹಳ ಸಲ ಅವರು ಠಾಣೆಗೆ ಎಳೆದೊಯ್ಯುವುದಿಲ್ಲ. ಕೋರ್ಟಿಗೆ ಹಾಜರಾಗಬೇಕಾದ ದಿನಾಂಕ ಬರೆದ ಚೀಟಿ ಕೊಟ್ಟು ಕಳಿಸುತ್ತಾರೆ. ಚೀಟಿ ಚಿಕ್ಕದಾಗಿರುವುದರಿಂದ ವಿಷಯವೂ ಚಿಕ್ಕದೆಂದು ಕೈಯಲ್ಲಿ ಹಿಡಿದವನಿಗೆ ಅನ್ನಿಸಿಬಿಡುತ್ತದೆ. ಮನೆಗೆ ಫೋನ್ ಮಾಡಿದರೆ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ: ‘ಏನೂ ಆಗಲ್ಲ ಬಿಡಮ್ಮ, ದಂಡ ಕಟ್ಟಿದ್ರೆ ಮುಗೀತು ಅಂತ ಎಲ್ಲರೂ ಹೇಳ್ತಿದಾರೆ.’

ಆ ಎಲ್ಲರೂ ಎಂದರೆ ಬಹುಪಾಲು ರೂಮಿನವರು ಮತ್ತು ಸೀನಿಯರ್‌ಗಳು. ಅವರ ಮಾತಿನಲ್ಲಿ ದುರುದ್ದೇಶ ಇರುವುದಿಲ್ಲ, ಆದರೆ ಅದು ಅಪಾಯದ ಸಲಹೆ. ಅಮೆರಿಕದ ಕಾನೂನು ಸಾಮಾನ್ಯವಾಗಿ ಒಂದು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧಗಳನ್ನು ಮಿಸ್‌ಡಿಮೀನರ್ ಎಂಬ ಸಾಲಿಗೆ ಸೇರಿಸುತ್ತದೆ. ಅಂಗಡಿಯಲ್ಲಿ ಕದಿಯುವುದು, ಕುಡಿದು ವಾಹನ ಓಡಿಸುವುದು, ಸಣ್ಣ ಕೈಕೈ ಮಿಲಾಯಿಸುವಿಕೆ, ಅತಿಕ್ರಮ ಪ್ರವೇಶ ಎಲ್ಲ ಇದರಲ್ಲಿ ಬರುತ್ತವೆ. ವರ್ಷಕ್ಕೆ ಸುಮಾರು 1 ಕೋಟಿ 30 ಲಕ್ಷ ಇಂಥ ಕೇಸುಗಳು ಆ ದೇಶದಲ್ಲಿ ದಾಖಲಾಗುತ್ತವೆ ಎಂದು ಮೇಗನ್ ಸ್ಟೀವನ್‌ಸನ್ ಮತ್ತು ಸಾಂಡ್ರಾ ಮೇಸನ್ ಎಂಬ ಕಾನೂನು ವಿದ್ವಾಂಸರು 2018ರಲ್ಲಿ ಲೆಕ್ಕ ಹಾಕಿದ್ದರು. ಇಷ್ಟು ಕೇಸುಗಳನ್ನು ಪೂರ್ತಿ ವಿಚಾರಣೆ ಮಾಡಿ ತೀರ್ಮಾನಿಸಲು ಯಾವ ನ್ಯಾಯಾಲಯಕ್ಕೂ ಸಾಧ್ಯವಿಲ್ಲ. ಹಾಗಾಗಿ ಹೆಚ್ಚಿನವು ನಿಮಿಷಗಳಲ್ಲಿ ಇತ್ಯರ್ಥವಾಗುತ್ತವೆ. ಒಪ್ಪಿಕೋ, ದಂಡ ಕಟ್ಟು, ಮನೆಗೆ ಹೋಗು.

ಹೀಗೆ ಮನೆಗೆ ಹೋದವನ ಹೆಸರಿನ ಮುಂದೆ ಒಂದು ಅಪರಾಧ ದಾಖಲಾಗಿ ಉಳಿಯುತ್ತದೆ. ಕೆಲಸಕ್ಕೆ ಅರ್ಜಿ ಹಾಕಿದಾಗ, ಬಾಡಿಗೆ ಮನೆ ಹುಡುಕುವಾಗ, ನರ್ಸ್ ಅಥವಾ ಶಿಕ್ಷಕಿಯ ಲೈಸೆನ್ಸ್ ಕೇಳುವಾಗ ಅದು ಎದುರು ಬಂದು ನಿಲ್ಲುತ್ತದೆ. ಶಿಕ್ಷೆಗಿಂತ ದಾಖಲೆಯೇ ಭಾರವಾಗುವುದನ್ನು ಕಂಡ ಮೇಲೆ ಹುಟ್ಟಿದ್ದು ಡೈವರ್ಷನ್. ಮಿಶಿಗನ್ ರಾಜ್ಯದ ಫ್ಲಿಂಟ್ ನಗರ ಇರುವ ಜೆನೆಸೀ ಕೌಂಟಿಯಲ್ಲಿ 1965ರಲ್ಲಿ ಪ್ರಾಸಿಕ್ಯೂಟರ್ ಕಚೇರಿಯೇ ಇಂಥ ಮೊದಲ ಯೋಜನೆಗಳಲ್ಲೊಂದನ್ನು ಶುರುಮಾಡಿತು. ನ್ಯೂಯಾರ್ಕಿನಲ್ಲಿ ವೇರಾ ಸಂಸ್ಥೆ 1967ರಲ್ಲಿ ಮ್ಯಾನ್‌ಹಾಟನ್ ಕೋರ್ಟ್ ಎಂಪ್ಲಾಯ್‌ಮೆಂಟ್ ಪ್ರಾಜೆಕ್ಟ್ ಆರಂಭಿಸಿತು. ಬಂಧಿತನ ಕೇಸನ್ನು ಮೂರು ತಿಂಗಳು ಮುಂದಕ್ಕೆ ಹಾಕಿ, ಅಷ್ಟರಲ್ಲಿ ಅವನಿಗೆ ಸಲಹೆಗಾರನೊಬ್ಬನನ್ನು ಜೋಡಿಸಿ ಕೆಲಸ ಹುಡುಕಿಕೊಡುವುದು ಅದರ ಕ್ರಮವಾಗಿತ್ತು. ಕೆಲಸ ಹಿಡಿದು ನೆಟ್ಟಗೆ ನಡೆದುಕೊಂಡರೆ ಆರೋಪ ವಜಾ. ಸಲಹೆಗಾರರಲ್ಲಿ ಕೆಲವರು ಹಿಂದೆ ತಾವೇ ಜೈಲು ಕಂಡು ಬಂದವರು. ಅದೇ ವರ್ಷ ಅಧ್ಯಕ್ಷ ಲಿಂಡನ್ ಜಾನ್ಸನ್ ನೇಮಿಸಿದ್ದ ಅಪರಾಧ ಆಯೋಗ ಇಂಥ ಪ್ರಯೋಗಗಳಿಗೆ ಬೆಂಬಲ ಸೂಚಿಸಿತು. ಆಮೇಲಿನ ದಶಕಗಳಲ್ಲಿ ಇದು ದೇಶದ ಉದ್ದಗಲಕ್ಕೂ ಹರಡಿತು. ಒಂದೊಂದು ರಾಜ್ಯಕ್ಕೆ, ಎಷ್ಟೋ ಕಡೆ ಒಂದೊಂದು ಕೌಂಟಿಗೆ, ಅದರದೇ ಹೆಸರು, ಅದರದೇ ನಿಯಮ.

ಇದರಿಂದ ನಿಜವಾಗಿ ಪ್ರಯೋಜನ ಆಗಿದೆಯೇ ಎಂಬುದಕ್ಕೆ ಈಗ ಗಟ್ಟಿ ಆಧಾರ ಇದೆ. ಟೆಕ್ಸಾಸಿನ ಹ್ಯಾರಿಸ್ ಕೌಂಟಿ ಎಂದರೆ ಹ್ಯೂಸ್ಟನ್ ನಗರ. ಅಲ್ಲಿ ಮೊದಲ ಬಾರಿ ದೊಡ್ಡ ಅಪರಾಧದಲ್ಲಿ ಸಿಕ್ಕಿಬಿದ್ದವರಿಗೆ ಡೈವರ್ಷನ್ ಸಿಗುವ ಪ್ರಮಾಣ 1994ರಲ್ಲೊಮ್ಮೆ, 2007ರಲ್ಲೊಮ್ಮೆ ಇದ್ದಕ್ಕಿದ್ದಂತೆ ಬದಲಾಗಿತ್ತು. ಬದಲಾವಣೆಯ ಹಿಂದಿನ ವಾರಗಳಲ್ಲಿ ಮತ್ತು ಮುಂದಿನ ವಾರಗಳಲ್ಲಿ ಕೋರ್ಟಿಗೆ ಬಂದವರ ನಡುವೆ ಬೇರೆ ವ್ಯತ್ಯಾಸವೇನೂ ಇರಲಿಲ್ಲ. ಮೈಕಲ್ ಮುಲ್ಲರ್ ಸ್ಮಿತ್ ಮತ್ತು ಕೆವಿನ್ ಶ್ನೆಪೆಲ್ ಎಂಬ ಅರ್ಥಶಾಸ್ತ್ರಜ್ಞರು ಈ ಎರಡು ಗುಂಪುಗಳನ್ನು ಹತ್ತು ವರ್ಷಗಳವರೆಗೆ ಹಿಂಬಾಲಿಸಿ ನೋಡಿದರು. ಡೈವರ್ಷನ್ ಸಿಕ್ಕವರು ಮತ್ತೆ ಅಪರಾಧಕ್ಕೆ ಇಳಿದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು, ಉದ್ಯೋಗದಲ್ಲಿ ಇರುವ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗಿತ್ತು. ಬಾಸ್ಟನ್ ಇರುವ ಸಫೋಕ್ ಕೌಂಟಿಯಲ್ಲಿ ಅಮಾಂಡಾ ಏಗನ್, ಜೆನಿಫರ್ ಡೋಲಿಯಾಕ್ ಮತ್ತು ಆ್ಯನಾ ಹಾರ್ವೆ ನಡೆಸಿದ ಅಧ್ಯಯನ ಇನ್ನೂ ನೇರವಾದದ್ದು. ಯಾವ ಕೇಸು ಯಾವ ಪ್ರಾಸಿಕ್ಯೂಟರ್ ಕೈಗೆ ಬರುತ್ತದೆ ಎಂಬುದು ಅಲ್ಲಿ ಅಂದಂದಿನ ಪಾಳಿಯ ಮೇಲೆ ಹೋಗುತ್ತಿತ್ತು. ಕೆಲವರು ಮೃದು, ಕೆಲವರು ಬಿಗಿ. ಹಿಂಸೆ ಇಲ್ಲದ ಸಣ್ಣ ಅಪರಾಧದಲ್ಲಿ ಆ ಕಡೆಗೋ ಈ ಕಡೆಗೋ ಎಂಬಂತಿದ್ದವರ ಕೇಸು ಮುಂದುವರಿಯದೆ ನಿಂತುಹೋದಾಗ, ಅವರು ಮುಂದಿನ ಎರಡು ವರ್ಷಗಳಲ್ಲಿ ಹೊಸ ಕೇಸಿನಲ್ಲಿ ಸಿಕ್ಕಿಬೀಳುವ ಸಾಧ್ಯತೆ ಅರ್ಧಕ್ಕೂ ಕೆಳಗೆ ಇಳಿಯಿತು. ಮೊದಲ ಸಲ ಕೋರ್ಟಿಗೆ ಬಂದವರಲ್ಲಿ ಈ ಪರಿಣಾಮ ಎಲ್ಲರಿಗಿಂತ ಹೆಚ್ಚಾಗಿ ಕಂಡಿತು.

ಕದ್ದವನನ್ನು ಸುಮ್ಮನೆ ಬಿಟ್ಟರೆ ಮತ್ತೆ ಕದಿಯುತ್ತಾನೆ ಎಂಬುದು ಎಲ್ಲ ಊರಿನಲ್ಲೂ ಇರುವ ನಂಬಿಕೆ. ಈ ಎರಡು ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ಇಪ್ಪತ್ತರ ಹರೆಯದವನೊಬ್ಬನಿಗೆ ಅಪರಾಧಿ ಎಂಬ ಮುದ್ರೆ ಒತ್ತಿ ಕೆಲಸದ ಬಾಗಿಲು ಮುಚ್ಚಿದರೆ ಸಮಾಜಕ್ಕೆ ಸಿಗುವುದು ಇನ್ನೊಬ್ಬ ಅಪರಾಧಿಯೇ. ಆದ್ದರಿಂದ ಡೈವರ್ಷನ್ ಎಂದರೆ ದುಡ್ಡಿದ್ದವರು ತಪ್ಪಿಸಿಕೊಳ್ಳುವ ಕಳ್ಳದಾರಿ ಎಂದು ಯಾರಾದರೂ ಹೇಳಿದರೆ ಅದನ್ನು ಅಷ್ಟು ಸುಲಭಕ್ಕೆ ಒಪ್ಪಬಾರದು. ಅದು ಒಳ್ಳೆಯ ವ್ಯವಸ್ಥೆ. ತೊಡಕು ಇರುವುದು ಬೇರೆ ಕಡೆ.

ಹಡ್ಸನ್ ನದಿಯ ಎರಡು ದಡಗಳನ್ನೇ ನೋಡೋಣ. ಹಾಸನದಿಂದ ಎಂ.ಎಸ್. ಮಾಡಲು ಹೋದ ಹುಡುಗಿಯೊಬ್ಬಳ ಕಾಲೇಜು ಮ್ಯಾನ್‌ಹಾಟನ್‌ನಲ್ಲಿ, ಬಾಡಿಗೆ ಕೋಣೆ ನದಿಯಾಚೆ ಜರ್ಸಿ ಸಿಟಿಯಲ್ಲಿ ಎಂದಿಟ್ಟುಕೊಳ್ಳಿ. ಪಾಥ್ ರೈಲಿನಲ್ಲಿ ಕೆಲವೇ ನಿಮಿಷಗಳ ಹಾದಿ. ನೂರು ಡಾಲರಿನ ವಸ್ತುವಿಗಾಗಿ ಅವಳು ನ್ಯೂಯಾರ್ಕಿನ ಅಂಗಡಿಯಲ್ಲಿ ಸಿಕ್ಕಿಬಿದ್ದರೆ ಅವಳಿಗೆ ಸಿಗಬಹುದಾದ ಸೌಲಭ್ಯಕ್ಕೆ ಅಲ್ಲಿನ ವಕೀಲರು ಎಸಿಡಿ ಎನ್ನುತ್ತಾರೆ. ಮುಂದೆ ವಜಾ ಮಾಡುವ ಉದ್ದೇಶದಿಂದಲೇ ಕೇಸನ್ನು ಆರು ತಿಂಗಳು ಮುಂದೂಡುವ ಕ್ರಮ ಅದು. ಆ ಅವಧಿಯಲ್ಲಿ ಬೇರೆ ರಗಳೆಗೆ ಸಿಕ್ಕಿಕೊಳ್ಳದೆ, ಹೇಳಿದ ಸಮುದಾಯ ಸೇವೆ ಇದ್ದರೆ ಮಾಡಿ ಮುಗಿಸಿದರೆ ಕೇಸು ವಜಾ ಆಗಿ ಕಡತ ಮೊಹರಾಗುತ್ತದೆ. ಇದಕ್ಕೆ ತಪ್ಪೊಪ್ಪಿಗೆ ಬೇಕಿಲ್ಲ. ಅವಳು ತಪ್ಪು ಮಾಡಿದಳು ಎಂದು ಕೋರ್ಟು ಎಲ್ಲಿಯೂ ಬರೆದುಕೊಳ್ಳುವುದಿಲ್ಲ.

ಅದೇ ಘಟನೆ ನದಿಯ ಆಚೆಗೆ, ನ್ಯೂಜೆರ್ಸಿಯಲ್ಲಿ ನಡೆದಿದ್ದರೆ? 200 ಡಾಲರಿಗಿಂತ ಕಡಿಮೆ ಬೆಲೆಯ ಅಂಗಡಿ ಕಳವು ಅಲ್ಲಿ ಮುನಿಸಿಪಲ್ ಕೋರ್ಟಿಗೆ ಹೋಗುತ್ತದೆ. ಆ ಕೋರ್ಟುಗಳಿಗಾಗಿ 2014ರ ಜನವರಿಯಲ್ಲಿ ಜಾರಿಗೆ ಬಂದ ಕಂಡೀಷನಲ್ ಡಿಸ್‌ಮಿಸಲ್ ಎಂಬ ಕಾನೂನಿದೆ. ಒಂದು ವರ್ಷದ ನಿಗಾ, ಷರತ್ತುಗಳು, ಕೊನೆಗೆ ವಜಾ. ನೋಡಲು ನ್ಯೂಯಾರ್ಕಿನದೇ ಅಣ್ಣತಮ್ಮ. ಆದರೆ ಆ ಸೌಲಭ್ಯ ಸಿಗಬೇಕಾದರೆ ಆರೋಪಿ ಮೊದಲು ತಪ್ಪೊಪ್ಪಿಕೊಳ್ಳಬೇಕು ಅಥವಾ ದೋಷಿ ಎಂದು ಕೋರ್ಟು ತೀರ್ಮಾನಿಸಿರಬೇಕು. ಆಮೇಲೆ ನ್ಯಾಯಾಧೀಶರು ತೀರ್ಪನ್ನು ದಾಖಲಿಸದೆ ತಡೆಹಿಡಿಯುತ್ತಾರೆ. ಅಮೆರಿಕದ ಪ್ರಜೆಯಾಗಿರುವ ಅವಳ ಸಹಪಾಠಿಗೆ ಎರಡೂ ದಡಗಳಲ್ಲಿ ಫಲಿತಾಂಶ ಒಂದೇ. ವಿದ್ಯಾರ್ಥಿ ವೀಸಾದ ಹುಡುಗಿಗೆ ಮಾತ್ರ ಅಲ್ಲ.

ಇದರ ಮೂಲ 1996ರಲ್ಲಿದೆ. ಆ ವರ್ಷ ಅಮೆರಿಕದ ಸಂಸತ್ತು ವಲಸೆ ಕಾನೂನನ್ನು ಬಿಗಿಗೊಳಿಸುವಾಗ ‘ದೋಷಿ’ ಎಂದರೆ ಯಾರು ಎಂಬುದಕ್ಕೆ ತನ್ನದೇ ವ್ಯಾಖ್ಯೆ ಬರೆದುಕೊಂಡಿತು. ರಾಜ್ಯದ ಕೋರ್ಟು ಏನೆಂದು ಕರೆಯುತ್ತದೆ ಎಂಬುದು ಅದಕ್ಕೆ ಮುಖ್ಯವಲ್ಲ. ಎರಡು ಅಂಶ ಸೇರಿದರೆ ಸಾಕು. ಒಂದು, ಆರೋಪಿ ತಪ್ಪೊಪ್ಪಿಕೊಂಡಿರಬೇಕು, ಇಲ್ಲವೇ ಆರೋಪವನ್ನು ಎದುರಿಸುವುದಿಲ್ಲ ಎಂದು ಹೇಳಿರಬೇಕು, ಇಲ್ಲವೇ ದೋಷಿ ಎನ್ನಲು ಸಾಕಾಗುವಷ್ಟು ಸಂಗತಿಗಳನ್ನು ಒಪ್ಪಿರಬೇಕು, ಅಥವಾ ವಿಚಾರಣೆಯಲ್ಲಿ ದೋಷಿ ಎಂದು ತೀರ್ಮಾನವಾಗಿರಬೇಕು. ಎರಡು, ನ್ಯಾಯಾಧೀಶರು ಯಾವುದಾದರೂ ರೂಪದ ಶಿಕ್ಷೆ, ದಂಡ ಅಥವಾ ನಿರ್ಬಂಧ ವಿಧಿಸಿರಬೇಕು. ಸಮುದಾಯ ಸೇವೆಯೂ ನಿಗಾವೂ ಈ ಎರಡನೆಯದರಲ್ಲಿ ಬಂದುಬಿಡುತ್ತವೆ. ಒಂದು ವರ್ಷದ ನಂತರ ರಾಜ್ಯದ ಕೋರ್ಟು ಆರೋಪವನ್ನು ವಜಾ ಮಾಡಿ ಪ್ರಮಾಣಪತ್ರ ಕೊಟ್ಟರೂ ವಲಸೆ ಅಧಿಕಾರಿಯ ಲೆಕ್ಕದಲ್ಲಿ ಅವಳು ದೋಷಿಯಾಗಿಯೇ ಉಳಿಯುತ್ತಾಳೆ.

ತಪ್ಪೊಪ್ಪಿಗೆ ಎಂದರೆ ಕಟಕಟೆಯಲ್ಲಿ ನಿಂತು ಗಟ್ಟಿಯಾಗಿ ಹೇಳುವುದೇ ಆಗಬೇಕೆಂದಿಲ್ಲ. 2017ರಲ್ಲಿ ವಲಸೆ ಮೇಲ್ಮನವಿ ಮಂಡಳಿಯ ಮುಂದೆ ಟೆಕ್ಸಾಸಿನ ಒಂದು ಪ್ರಕರಣ ಬಂತು. ಅದು ವಿಚಾರಣೆಗೆ ಮುಂಚಿನ ಡೈವರ್ಷನ್. ಕೋರ್ಟಿನಲ್ಲಿ ಔಪಚಾರಿಕವಾಗಿ ಯಾರೂ ಏನನ್ನೂ ಒಪ್ಪಿರಲಿಲ್ಲ. ಆದರೆ ಪ್ರೋಗ್ರಾಂಗೆ ಸೇರುವ ಒಪ್ಪಂದದಲ್ಲಿ ಆರೋಪಿ ನಡೆದದ್ದನ್ನು ಒಪ್ಪಿಕೊಂಡು ಸಹಿ ಮಾಡಿದ್ದ, ಆ ಒಪ್ಪಂದಕ್ಕೆ ನ್ಯಾಯಾಧೀಶರು ಅನುಮತಿ ಕೊಟ್ಟು ನಿಗಾ ಮತ್ತು ಸಮುದಾಯ ಸೇವೆಗೆ ಆದೇಶ ಮಾಡಿದ್ದರು. ಅಷ್ಟೇ ಸಾಕು ಎಂದಿತು ಮಂಡಳಿ. ಅಂದರೆ ಅರ್ಜಿಯ ಮೂರನೆಯದೋ ನಾಲ್ಕನೆಯದೋ ಪುಟದಲ್ಲಿ, ಸಹಿ ಹಾಕುವ ಗೆರೆಯ ಮೇಲೆ ಸಣ್ಣಕ್ಷರದಲ್ಲಿ ಇರುವ ಎರಡು ಸಾಲು ಒಬ್ಬನ ಬದುಕಿನ ದಿಕ್ಕನ್ನೇ ತಿರುಗಿಸಬಲ್ಲದು.

ಕ್ಯಾಲಿಫೋರ್ನಿಯಾ ಈ ಪಾಠವನ್ನು ತಡವಾಗಿ ಕಲಿಯಿತು, ಆದರೆ ಕಲಿತದ್ದನ್ನು ಕಾನೂನಿನ ಪುಸ್ತಕದಲ್ಲೇ ಬರೆಯಿತು. ಸಣ್ಣ ಪ್ರಮಾಣದ ಮಾದಕವಸ್ತು ಇಟ್ಟುಕೊಂಡವರಿಗೆ ಅಲ್ಲಿ ಇಪ್ಪತ್ತು ವರ್ಷ ನಡೆದ ಡೈವರ್ಷನ್ ಯೋಜನೆಯಲ್ಲಿ ಮೊದಲು ತಪ್ಪೊಪ್ಪಿಕೊಳ್ಳಬೇಕಾಗಿತ್ತು. ಪೂರೈಸಿದರೆ ಇದರಿಂದ ನಿಮಗೆ ಯಾವ ಬಾಧಕವೂ ಇಲ್ಲ ಎಂದು ಅದೇ ಕಾನೂನು ಭರವಸೆ ಕೊಟ್ಟಿತ್ತು. ಆ ಭರವಸೆಯನ್ನು ನಂಬಿ ಸಹಿ ಹಾಕಿದ ಸಾವಿರಾರು ವಲಸಿಗರು ಗಡೀಪಾರಿನ ಭಯದಲ್ಲಿ ಸಿಕ್ಕಿಕೊಂಡರು. 2016ರ ಜನವರಿಯಿಂದ ಜಾರಿಗೆ ಬಂದ ಕಲಮೊಂದರಲ್ಲಿ ರಾಜ್ಯದ ಶಾಸನಸಭೆ, ತಾನು ಕೊಟ್ಟಿದ್ದ ಭರವಸೆ ವಲಸಿಗರ ಮಟ್ಟಿಗೆ ತಪ್ಪು ಮಾಹಿತಿಯಾಗಿತ್ತು ಎಂದು ಒಪ್ಪಿ, ಹಳೆಯ ತಪ್ಪೊಪ್ಪಿಗೆಗಳನ್ನು ಹಿಂತೆಗೆದುಕೊಳ್ಳಲು ದಾರಿ ಮಾಡಿಕೊಟ್ಟಿತು. 2018ರಿಂದ ತಪ್ಪೊಪ್ಪಿಗೆ ಬೇಡದ ರೀತಿಯಲ್ಲಿ ಯೋಜನೆಯನ್ನೇ ಬದಲಿಸಿತು. 2021ರ ಜನವರಿಯಿಂದ ಇನ್ನೊಂದು ಹೆಜ್ಜೆ ಇಟ್ಟಿತು. ಪ್ರಾಸಿಕ್ಯೂಟರ್ ಬೇಡವೆಂದರೂ ನ್ಯಾಯಾಧೀಶರೇ ತಮ್ಮ ವಿವೇಚನೆಯಿಂದ ಹೆಚ್ಚಿನ ಮಿಸ್‌ಡಿಮೀನರ್ ಕೇಸುಗಳಲ್ಲಿ ಎರಡು ವರ್ಷದವರೆಗಿನ ಡೈವರ್ಷನ್ ಕೊಡಬಹುದು ಎಂದಿತು. ಕೌಟುಂಬಿಕ ಹಿಂಸೆ, ಬೆನ್ನುಬಿದ್ದು ಕಾಡುವುದು, ಕೆಲವು ಲೈಂಗಿಕ ಅಪರಾಧಗಳನ್ನು ಇದರಿಂದ ಹೊರಗಿಟ್ಟಿತು. ಕುಡಿದು ಓಡಿಸಿದವರಿಗೂ ಇದು ಅನ್ವಯಿಸುವುದಿಲ್ಲ ಎಂದು ಮೇಲಿನ ಕೋರ್ಟುಗಳು ಆಮೇಲೆ ಹೇಳಿದವು.

ಅದೇ ರಾಜ್ಯ 2015ರಿಂದ ಮಿಸ್‌ಡಿಮೀನರ್‌ಗೆ ಕೊಡಬಹುದಾದ ಗರಿಷ್ಠ ಜೈಲನ್ನು 365 ದಿನದಿಂದ 364ಕ್ಕೆ ಇಳಿಸಿತು. ನ್ಯೂಯಾರ್ಕ್ 2019ರಲ್ಲಿ ಹಾಗೇ ಮಾಡಿತು, ವಾಷಿಂಗ್ಟನ್ ರಾಜ್ಯ ಇವೆರಡಕ್ಕಿಂತ ಮುಂಚೆ, 2011ರಲ್ಲೇ ಮಾಡಿತ್ತು. ಕಳವಿನಂಥ ಅಪರಾಧಗಳು ವಲಸೆ ಕಾನೂನಿನಲ್ಲಿ ನೈತಿಕ ಅಧಃಪತನದ ಅಪರಾಧ ಎಂಬ ಪಟ್ಟಿಗೆ ಸೇರುತ್ತವೆ. ದೇಶಕ್ಕೆ ಬಂದ ಐದು ವರ್ಷದೊಳಗೆ ಅಂಥ ಒಂದು ಅಪರಾಧ ಮಾಡಿ, ಅದಕ್ಕೆ ಒಂದು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಸಾಧ್ಯವಿದ್ದರೆ ಗಡೀಪಾರಿಗೆ ಕಾರಣ ಸಿಕ್ಕಂತೆ. ನಿಜಕ್ಕೂ ಎಷ್ಟು ದಿನ ಜೈಲಾಯಿತು ಎಂಬುದನ್ನು ಅಲ್ಲಿ ಕೇಳುವುದಿಲ್ಲ, ಎಷ್ಟಾಗಬಹುದಿತ್ತು ಎಂದು ಕೇಳುತ್ತಾರೆ. ಈ ರಾಜ್ಯಗಳು ಕಡಿಮೆ ಮಾಡಿದ ಆ ಒಂದು ದಿನ ಎಷ್ಟೋ ಮನೆಗಳನ್ನು ಉಳಿಸಿದೆ.

ಇಷ್ಟೆಲ್ಲ ಸೂಕ್ಷ್ಮ ಇರುವಾಗ ವಕೀಲರು ಮೊದಲೇ ಹೇಳಬಾರದೇ? ಹೇಳಲೇಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಯಾ ವಿರುದ್ಧ ಕೆಂಟಕಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹೊಸೆ ಪಡಿಯಾ ಹೊಂಡುರಾಸಿನಲ್ಲಿ ಹುಟ್ಟಿ, ನಲವತ್ತಕ್ಕೂ ಹೆಚ್ಚು ವರ್ಷ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಬಾಳಿದವರು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದವರು. ಲಾರಿಯಲ್ಲಿ ಗಾಂಜಾ ಸಿಕ್ಕ ಕೇಸಿನಲ್ಲಿ ಅವರ ವಕೀಲರು, ಇಷ್ಟು ವರ್ಷದಿಂದ ಇಲ್ಲೇ ಇದ್ದೀರಿ, ವಲಸೆಯ ಚಿಂತೆ ಬೇಡ ಎಂಬರ್ಥದ ಸಲಹೆ ಕೊಟ್ಟರು. ಪಡಿಯಾ ತಪ್ಪೊಪ್ಪಿಕೊಂಡರು. ಗಡೀಪಾರು ಬಹುತೇಕ ಖಚಿತವಾಗಿದ್ದ ಅಪರಾಧ ಅದು. ಕಕ್ಷಿದಾರನ ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದ್ದರೆ ಅದನ್ನು ತಿಳಿಸುವುದು ವಕೀಲನ ಸಾಂವಿಧಾನಿಕ ಕರ್ತವ್ಯ ಎಂದು ಕೋರ್ಟ್ ಹೇಳಿತು. ಆ ತೀರ್ಪಿನ ನಂತರ ನ್ಯೂಯಾರ್ಕ್ ಸೇರಿದಂತೆ ಹಲವು ಕಡೆ ಪಬ್ಲಿಕ್ ಡಿಫೆಂಡರ್ ಕಚೇರಿಗಳು, ಅಂದರೆ ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ಸರ್ಕಾರದ ವೆಚ್ಚದಲ್ಲಿ ವಾದಿಸುವ ಕಚೇರಿಗಳು, ವಲಸೆ ಕಾನೂನು ಬಲ್ಲವರನ್ನೂ ಒಳಗೇ ಇಟ್ಟುಕೊಂಡಿವೆ. ಕೇಳಿದರೆ ಸಲಹೆ ಸಿಗುತ್ತದೆ. ನಾಚಿಕೆಯಿಂದ ಕೇಳದೆ ಹೋಗುವವರೇ ಹೆಚ್ಚು.

2025ರ ವಸಂತದಲ್ಲಿ ಇದೆಲ್ಲ ಪುಸ್ತಕದ ಮಾತಲ್ಲ ಎಂಬುದು ಎದುರಿಗೇ ಕಂಡಿತು. ಅಮೆರಿಕದ ವಲಸೆ ಇಲಾಖೆ ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರುಗಳನ್ನು ಪೊಲೀಸ್ ದಾಖಲೆಗಳ ರಾಷ್ಟ್ರೀಯ ಕಂಪ್ಯೂಟರ್ ವ್ಯವಸ್ಥೆಯ ಜೊತೆ ತಾಳೆ ಹಾಕಿತು. ಸುಮಾರು 6,400 ಹೆಸರು ಹೊಂದಿಕೆಯಾದವು. ಅದರ ಆಧಾರದ ಮೇಲೆ ಸಾವಿರಾರು ಮಂದಿಯ ಸೆವಿಸ್ ದಾಖಲೆಯನ್ನು, ಅಂದರೆ ಅವರ ವಿದ್ಯಾರ್ಥಿ ಸ್ಥಾನಮಾನದ ಗುರುತನ್ನು, ಇದ್ದಕ್ಕಿದ್ದಂತೆ ರದ್ದು ಮಾಡಲಾಯಿತು. ಅವರಲ್ಲಿ ಎಷ್ಟೋ ಮಂದಿಗೆ ಸಂಚಾರ ನಿಯಮ ಮುರಿದದ್ದು ಬಿಟ್ಟರೆ ಬೇರೇನೂ ಇರಲಿಲ್ಲ, ಇನ್ನೆಷ್ಟೋ ಮಂದಿಯ ಕೇಸು ವಜಾ ಆಗಿತ್ತು. ಅಮೆರಿಕದ ವಲಸೆ ವಕೀಲರ ಸಂಘ ಕಲೆಹಾಕಿದ ಮುನ್ನೂರಕ್ಕೂ ಹೆಚ್ಚು ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಭಾರತೀಯ ವಿದ್ಯಾರ್ಥಿಗಳವು. ದೇಶದ ಬೇರೆ ಬೇರೆ ಕೋರ್ಟುಗಳಲ್ಲಿ ದಾವೆಗಳು ಬಿದ್ದವು, ನ್ಯಾಯಾಧೀಶರು ಒಬ್ಬರ ಹಿಂದೊಬ್ಬರಂತೆ ತಡೆಯಾಜ್ಞೆ ಕೊಟ್ಟರು, ಏಪ್ರಿಲ್ 25ರಂದು ಸರ್ಕಾರ ದಾಖಲೆಗಳನ್ನು ಮರುಸ್ಥಾಪಿಸುವುದಾಗಿ ಹೇಳಿತು. ಅಷ್ಟರಲ್ಲಿ ಕೆಲವರು ಓದು ಬಿಟ್ಟು ಊರಿಗೆ ವಾಪಸಾಗಿದ್ದರು.

ಈ ಘಟನೆಯಿಂದ ಇನ್ನೊಂದು ಕಹಿ ಸಂಗತಿಯೂ ಹೊರಬಿತ್ತು. ತಪ್ಪೊಪ್ಪಿಗೆ ಇಲ್ಲದ ಅತ್ಯುತ್ತಮ ಡೈವರ್ಷನ್ ಕೂಡ ದೋಷಿ ಎಂಬ ಪಟ್ಟದಿಂದ ಕಾಪಾಡುತ್ತದೆಯೇ ಹೊರತು ಬಂಧನದ ಗುರುತನ್ನು ಅಳಿಸಲಾರದು. ಕ್ಯಾಲಿಫೋರ್ನಿಯಾದ ಕಾನೂನು ಆ ಬಂಧನ ನಡೆದೇ ಇಲ್ಲ ಎಂದು ಭಾವಿಸತಕ್ಕದ್ದು ಎನ್ನುತ್ತದೆ. ಬೆರಳಚ್ಚು ಹೋಗಿ ಸೇರಿದ ಕೇಂದ್ರ ಸರ್ಕಾರದ ಕಂಪ್ಯೂಟರ್ ಹಾಗೆ ಭಾವಿಸುವುದಿಲ್ಲ. ವೀಸಾ ಎಂಬುದು ದೇಶದೊಳಕ್ಕೆ ಬರಲು ಕೊಟ್ಟ ಅನುಮತಿ ಮಾತ್ರ. ಬಂಧನವಾಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ರದ್ದು ಮಾಡುವ ಅಧಿಕಾರ ವಿದೇಶಾಂಗ ಇಲಾಖೆಗೆ ಇದೆ, ಕುಡಿದು ಓಡಿಸಿದ ಪ್ರಕರಣಗಳಲ್ಲಿ ಅದನ್ನು ಹಲವು ವರ್ಷಗಳಿಂದ ಬಳಸುತ್ತಲೂ ಇದೆ. 2025ರ ಜುಲೈನಲ್ಲಿ ದೆಹಲಿಯ ಅಮೆರಿಕ ರಾಯಭಾರ ಕಚೇರಿ ಭಾರತೀಯರನ್ನು ಉದ್ದೇಶಿಸಿ, ಕಳವು, ಹಲ್ಲೆ, ಕನ್ನ ಹಾಕುವಿಕೆಯಂಥ ಕೃತ್ಯಗಳಿಂದ ವೀಸಾ ರದ್ದಾಗಬಹುದು, ಮುಂದೆ ವೀಸಾ ಸಿಗದೆಯೂ ಹೋಗಬಹುದು ಎಂದು ಬಹಿರಂಗವಾಗಿಯೇ ಎಚ್ಚರಿಸಿತು.

ಡೈವರ್ಷನ್‌ನೊಳಗೇ ಇರುವ ಕೊಳಕನ್ನೂ ಹೇಳಬೇಕು. ಬಹಳ ಕಡೆ ಇದು ಪುಕ್ಕಟೆ ಅಲ್ಲ. ಅರ್ಜಿಗೆ ಶುಲ್ಕ, ತರಗತಿಗೆ ಶುಲ್ಕ, ನಿಗಾಕ್ಕೆ ತಿಂಗಳ ಶುಲ್ಕ. ಕಟ್ಟಲಾಗದ ಬಡವ ಪ್ರೋಗ್ರಾಂನಿಂದ ಹೊರಬಿದ್ದರೆ ಕೇಸು ಹಳೆಯ ಜಾಗಕ್ಕೇ ಹಿಂತಿರುಗುತ್ತದೆ, ಮೊದಲೇ ತಪ್ಪೊಪ್ಪಿಕೊಂಡಿದ್ದರೆ ನೇರ ಶಿಕ್ಷೆ. ಇದಕ್ಕಿಂತ ಕೆಟ್ಟದ್ದು ಖಾಸಗಿ ದಂಧೆ. ದೊಡ್ಡ ಅಂಗಡಿಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದ ಕಂಪನಿಯೊಂದು, ಸಿಕ್ಕಿಬಿದ್ದವರನ್ನು ಅಂಗಡಿಯ ಹಿಂಕೋಣೆಯಲ್ಲೇ ಕೂರಿಸಿ ವಿಡಿಯೊ ತೋರಿಸಿ, ತನ್ನ ಆನ್‌ಲೈನ್ ಕೋರ್ಸಿಗೆ ಒಂದೇ ಸಲಕ್ಕಾದರೆ 400 ಡಾಲರ್, ಕಂತಿನಲ್ಲಾದರೆ 500 ಡಾಲರ್ ಕಟ್ಟಿ ತಪ್ಪೊಪ್ಪಿಕೊಂಡರೆ ಪೊಲೀಸರಿಗೆ ಹೇಳುವುದಿಲ್ಲ ಎನ್ನುತ್ತಿತ್ತು. ವಕೀಲರಿಲ್ಲ, ನ್ಯಾಯಾಧೀಶರಿಲ್ಲ, ಯೋಚಿಸಲು ಸಮಯವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಪರವಾಗಿ 2015ರಲ್ಲಿ ದಾವೆ ಹೂಡಲಾಯಿತು, 2017ರಲ್ಲಿ ಅಲ್ಲಿನ ಕೋರ್ಟು ಇದು ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಸುಲಿಗೆ ಎಂದಿತು. ಹೆದರಿದ ಮನುಷ್ಯ ಏನು ಕೊಟ್ಟರೂ ಸಹಿ ಹಾಕುತ್ತಾನೆ. ಅದನ್ನು ವ್ಯಾಪಾರ ಮಾಡಿಕೊಂಡದ್ದಕ್ಕೆ ಬೇರೆ ಹೆಸರಿಲ್ಲ.

ನಮ್ಮಲ್ಲಿ ಇಂಥದ್ದೇನೂ ಇಲ್ಲವೇ ಎಂದು ಕೇಳುವವರಿಗೆ ಒಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೊದಲ ಬಾರಿ ಸಮುದಾಯ ಸೇವೆ ಒಂದು ಶಿಕ್ಷೆಯಾಗಿ ಬಂದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಮೊದಲ ಸಲದ ತಪ್ಪು, ಕದ್ದದ್ದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದ್ದಾನೆ ಎಂದಾದರೆ ಜೈಲಿನ ಬದಲು ಸಮುದಾಯ ಸೇವೆ. ಆದರೆ ಅದು ದೋಷಿ ಎಂದು ತೀರ್ಪಾದ ಮೇಲಿನ ಮಾತು. ಅಮೆರಿಕದ ಒಳ್ಳೆಯ ಡೈವರ್ಷನ್‌ನಲ್ಲಿ ಅದೇ ಸೇವೆ ತೀರ್ಪಿಗೆ ಮುಂಚೆ ಬರುತ್ತದೆ, ತೀರ್ಪನ್ನೇ ಬೇಡವಾಗಿಸುತ್ತದೆ. ಅದಕ್ಕೆ ನಿಜವಾಗಿ ಹತ್ತಿರ ಬರುವುದು ಮಾದಕವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ. ವ್ಯಸನಿಯೊಬ್ಬ ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕಿ, ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ, ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗುತ್ತದೆ. ಬೆಂಗಳೂರು, ಮಂಗಳೂರು, ಮಣಿಪಾಲದಲ್ಲಿ ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟಿರುವ ತಂದೆತಾಯಂದಿರು ಈ ಕಲಮಿನ ಹೆಸರನ್ನು ಕಿವಿಯಲ್ಲಿ ಹಾಕಿಕೊಂಡಿದ್ದರೆ ತಪ್ಪಲ್ಲ.

ಮತ್ತೆ ಮೊದಲ ಪ್ರಶ್ನೆಗೆ. ಕೋರ್ಟಿನ ಚೀಟಿ ಕೈಗೆ ಬಂದ ಹುಡುಗ ಅಥವಾ ಹುಡುಗಿ ಮೊದಲು ಮಾಡಬೇಕಾದದ್ದು ಕೋರ್ಟಿನ ದಿನವನ್ನು ತಪ್ಪಿಸದಿರುವುದು. ಹಾಜರಾಗದಿದ್ದರೆ ವಾರಂಟ್ ಹೊರಡುತ್ತದೆ, ಆಮೇಲೆ ಡೈವರ್ಷನ್ ಸಿಗುವುದು ಕಷ್ಟ. ಎರಡನೆಯದು, ಅಂಗಡಿಯಲ್ಲಾಗಲಿ ಠಾಣೆಯಲ್ಲಾಗಲಿ ಯಾವ ಹೇಳಿಕೆಗೂ ಸಹಿ ಹಾಕದೆ ವಕೀಲರು ಬೇಕು ಎನ್ನುವುದು. ಅದನ್ನು ಕೇಳುವುದು ಹಕ್ಕು, ಉದ್ಧಟತನ ಅಲ್ಲ. ವಕೀಲರ ಮುಂದೆ ಕುಳಿತಾಗ ತಾನು ಅಮೆರಿಕದ ಪ್ರಜೆ ಅಲ್ಲ, ಯಾವ ವೀಸಾದಲ್ಲಿದ್ದೇನೆ, ಯಾವಾಗ ಬಂದೆ ಎಂಬುದನ್ನು ಅವರು ಕೇಳದಿದ್ದರೂ ಹೇಳಬೇಕು. ಮುಂದೆ ಪ್ರೋಗ್ರಾಂನ ಮಾತು ಬಂದಾಗ ಕೇಳಬೇಕಾದದ್ದು ಇಷ್ಟು: ‘ಸರ್, ಇದಕ್ಕೆ ಸೇರಬೇಕಾದರೆ ನಾನು ಗಿಲ್ಟಿ ಅಂತ ಹೇಳಬೇಕಾ? ಯಾವುದಾದರೂ ಕಾಗದದಲ್ಲಿ ನಡೆದದ್ದನ್ನು ಒಪ್ಪಿಕೊಳ್ಳಬೇಕಾ? ಆ ಕಾಗದ ಜಡ್ಜ್ ಮುಂದೆ ಹೋಗುತ್ತಾ?’ ಹೌದು ಎಂಬ ಉತ್ತರ ಬಂದರೆ ವಲಸೆ ವಕೀಲರೊಬ್ಬರು ಆ ಕಾಗದ ಓದುವವರೆಗೆ ಸಹಿ ಬೇಡ. ಸಾಮಾನ್ಯ ಕ್ರಿಮಿನಲ್ ವಕೀಲರಿಗೆ ಇದು ಅತ್ಯುತ್ತಮ ಆಫರ್ ಎಂದು ಪ್ರಾಮಾಣಿಕವಾಗಿಯೇ ಅನ್ನಿಸಬಹುದು, ಅವರ ಬಹುಪಾಲು ಕಕ್ಷಿದಾರರಿಗೆ ಅದು ನಿಜವೂ ಹೌದು. ಕೆಲವೊಮ್ಮೆ ಆರೋಪವನ್ನು ಸಂಚಾರ ದಂಡದಂಥ ಬೇರೆ ಸಣ್ಣ ಕಲಮಿಗೆ ಇಳಿಸಿ ಮುಗಿಸುವುದು ತಪ್ಪೊಪ್ಪಿಗೆಯ ಡೈವರ್ಷನ್‌ಗಿಂತ ವೀಸಾದವರಿಗೆ ವಾಸಿ. ಅದನ್ನು ತೂಗಿ ನೋಡಬಲ್ಲವರು ಎರಡೂ ಕಾನೂನು ಬಲ್ಲವರು ಮಾತ್ರ.

ಕೇಸು ವಜಾ ಆದ ಮೇಲೆ ಅರ್ಜಿಗಳಲ್ಲಿ ಏನು ಬರೆಯಬೇಕು ಎಂಬುದರಲ್ಲೂ ಎಡವುವವರಿದ್ದಾರೆ. ವೀಸಾದ ಡಿಎಸ್ 160 ಅರ್ಜಿ ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ ಎಂದು ಕೇಳುತ್ತದೆ, ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಎನ್ನುತ್ತದೆ. ಪೌರತ್ವದ ಅರ್ಜಿಯೂ ಬಂಧನದ ಬಗ್ಗೆ, ಕಡತ ಮೊಹರಾಗಿದ್ದರೂ ಸರಿಯೇ, ಕೇಳುತ್ತದೆ. ಕೇಸು ಬಿದ್ದಿದೆಯಲ್ಲ ಎಂದು ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿದರೆ, ಮೂಲ ತಪ್ಪಿಗಿಂತ ಸುಳ್ಳು ಹೇಳಿದ್ದೇ ದೊಡ್ಡ ತಪ್ಪಾಗಿ ಬಾಗಿಲು ಕಾಯಂ ಮುಚ್ಚಬಹುದು. ಹೌದು ಎಂದು ಬರೆದು, ಜೊತೆಗೆ ಕೋರ್ಟಿನ ದೃಢೀಕೃತ ಅಂತಿಮ ಆದೇಶ ಇಡುವುದೇ ಸರಿ. ಕಡತ ಮೊಹರಾದ ಮೇಲೆ ಆ ಪ್ರತಿ ತೆಗೆಸಲು ಓಡಾಟ ಹೆಚ್ಚು. ಆದ್ದರಿಂದ ವಜಾ ಆದ ವಾರದಲ್ಲೇ ಕೋರ್ಟಿನ ಗುಮಾಸ್ತರ ಕೌಂಟರಿನಲ್ಲಿ ಶುಲ್ಕ ಕಟ್ಟಿ ಎರಡು ಮೂರು ಪ್ರತಿ ತೆಗೆಸಬೇಕು. ಆರೋಪಪಟ್ಟಿ, ಪ್ರೋಗ್ರಾಂನ ಒಪ್ಪಂದಪತ್ರ, ಪೂರೈಸಿದ ಪ್ರಮಾಣಪತ್ರ ಅದರ ಜೊತೆ ಇರಬೇಕು. ರಜೆಗೆ ಊರಿಗೆ ಬಂದು ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ವೀಸಾ ಸಂದರ್ಶನಕ್ಕೆ ಹೋದಾಗ ಕಿಟಕಿಯ ಆಚೆಗಿನ ಅಧಿಕಾರಿ ಕೇಳುವುದು ಈ ಕಾಗದಗಳನ್ನೇ.